ಐದಕ್ಷರದ ಪ್ರಸಾದ

ನಮ್ಮ ಮಾವಶಿಯ ಜೊತೆ ದೇವರು ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಅದೂ ದಿನಕ್ಕೆ ಐದೇ ಅಕ್ಷರ! ನಗಬೇಡಿ. ಕಾರವಾರದ ಕಾಲೇಜೊಂದರಲ್ಲಿ ಅರ್ಧ ಆಯುಷ್ಯ ಇಂಗ್ಲಿಷ್ ಪಾಠ ಮಾಡಿದ ನನ್ನ ಜೊತೆ ಆತ ಈವರೆಗೆ ಒಂದಕ್ಷರವನ್ನೂ ಆಡಿಲ್ಲ. ಆ ಹೊಟ್ಟೆಯುರಿ ನನಗೇ ಸಾಕಷ್ಟಿದೆ.

ಮಾವಶಿ ಅಂದರೆ ನನ್ನ ಅಮ್ಮನ ತಂಗಿ. ಅಂಕೋಲೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತಿಯಾದವಳು. ಮದುವೆಯ ಗೋಜಿಗೆ ಹೋಗಲಿಲ್ಲ. ಕೇಳಿದವರಿಗೆಲ್ಲ "ಲೈನು ಬ್ಯುಸಿ ಇತ್ತು" ಅನ್ನುತ್ತಾಳೆ. ಆಕೆಯ ಮೊಬೈಲಿಗೆ ಆ ಶಬ್ದದ ಆಟ ಹಾಕಿಕೊಟ್ಟ ಮಹಾನುಭಾವ ನಾನೇ. ನಿಮಗೂ ಗೊತ್ತಿರಬಹುದು: ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಶಬ್ದ ಅಡಗಿರುತ್ತದೆ, ಆರು ಸಾಲಿನೊಳಗೆ ಹುಡುಕಬೇಕು. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಚೌಕ ಹಸಿರಾಗುತ್ತದೆ, ಜಾಗ ತಪ್ಪಿದ್ದರೆ ಹಳದಿ, ಅಕ್ಷರವೇ ಇಲ್ಲದಿದ್ದರೆ ಬೂದಿ ಬಣ್ಣ. ಅಷ್ಟೇ.

ಆದರೆ ಮಾವಶಿಗೆ ಅಷ್ಟೇ ಅಲ್ಲವಲ್ಲ! ನಮ್ಮ ಕಡೆ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವ ಪದ್ಧತಿ ಇದೆ. ದೇವರ ಮೈಮೇಲೆ ಹೂವಿನ ಎಸಳು ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು, ಕೈಮುಗಿದು ಕಾಯುವುದು. ಬಲಗಡೆಯ ಎಸಳು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮಾವಶಿ ಈ ಪದ್ಧತಿಯನ್ನು ಮೊಬೈಲಿಗೆ ತಂದಳು. ಮೂರು ಸಾಲಿನೊಳಗೆ ಶಬ್ದ ಸಿಕ್ಕರೆ ಬಲ, ದಾಟಿದರೆ ಎಡ. ಹಟ್ಟಿಕೇರಿಯ ಮದುವೆಗೆ ಹೋಗಬೇಕೋ, ಗೋಡೆಗೆ ಬಣ್ಣ ಹೊಡೆಸಬೇಕೋ, ಎಲ್ಲಾ ಅದೇ ಹೇಳಬೇಕು.

ದಿನಾ ಮೊದಲು ಹಾಕುವ ಶಬ್ದ ಪ್ರಾನ್. ಅಂದರೆ ಸಿಗಡಿ, ನಮ್ಮ ಶೆಟ್ಲಿ. ಸೋಮವಾರ ಮಾತ್ರ ಲೆಮನ್. ಯಾಕೆ ಅಂತ ಕೇಳಿದೆ.

"ಸೋಮವಾರ ಶೆಟ್ಲಿ ಮುಟ್ಟೂದುಂಟನಾ? ಎಂತಾ ಮೇಷ್ಟ್ರೋ ನೀನು!"

ಎಡಕ್ಕೆ ಬಿದ್ದರೆ ಸುಮ್ಮನಾಗುವ ಹೆಂಗಸೂ ಅಲ್ಲ. ಒಂದು ದಿನ ಐದನೇ ಸಾಲಿನಲ್ಲಿ ಶಬ್ದ ಸಿಕ್ಕಿತ್ತು, ಆದರೂ ಮನೆ ತುಂಬ ದುಬಾರಿ ಇಸ್ವಣ ಮೀನು ಹುರಿಯುವ ವಾಸನೆ. "ಎಡ ಬಿತ್ತಲ್ಲ ಮಾವಶಿ?" ಅಂದೆ. "ಇಸ್ವಣ ತರೂದು ಬೇಡವೋ ಅಂತ ಕೇಳಿದ್ದೆ ತಮಾ. ಬೇಡ ಅನ್ನೂದೇ ಎಡಕ್ಕೆ ಬಿತ್ತು. ಮತ್ತೆ ತರದೇ ಹೇಗೆ?" ಅಂದಳು. ಇಂಥ ವಕೀಲಿಯ ಮುಂದೆ ದೇವರಾದರೂ ಏನು ಮಾಡಿಯಾನು!

ಇನ್ನು ನನ್ನ ಪ್ರತಾಪ. ದಿನಾ ಆಡಿದ ಮೇಲೆ ಬಣ್ಣದ ಚೌಕಗಳನ್ನು ಮನೆಯವರ ಗ್ರೂಪಿಗೆ ಹಾಕುವುದು ನಮ್ಮ ರೂಢಿ. ಮಾವಶಿಯದು ಎರಡೋ ಮೂರೋ ಸಾಲು. ನನ್ನದು ಆರು ಸಾಲಿನ ಬೂದಿ ರಾಶಿ. ಒಂದು ಬೆಳಿಗ್ಗೆ ಫೋನ್ ಮಾಡಿ, "ಇವತ್ತಿಂದು ಬಾಳ ಸಸಾರ. ನಿನ್ನ ಮುಖ ನೆನಪು ಮಾಡ್ಕಂಡೆ, ಪಟ್ಟನೆ ಬಂತು" ಅಂದಳು. ನಾನು ಉಬ್ಬಿಹೋದೆ. ಕನ್ನಡಿ ನೋಡಿಕೊಂಡು ಏನೇನೋ ಹಾಕಿದೆ. ಆರೂ ಸಾಲು ಮುಗಿದು ಸೋತಮೇಲೆ ಮೊಬೈಲೇ ಉತ್ತರ ತೋರಿಸಿತು: ಇಡಿಯಟ್.

ಹೀಗಿರುವಾಗ ಈ ಮಳೆಗಾಲ ಮುಗಿದ ಮೇಲೆ ಒಂದು ಪವಾಡ ನಡೆಯಿತು. ನಾನು ಗೆಲ್ಲತೊಡಗಿದೆ! ನನ್ನದು ಐದನೇ ಸಾಲಿನಲ್ಲಿ ಮುಗಿದರೆ ಮಾವಶಿಯದು ಆರರಲ್ಲೂ ಮುಗಿಯುತ್ತಿರಲಿಲ್ಲ. ನನ್ನ ಗತ್ತು ಏನು ಕೇಳುತ್ತೀರಿ? ಗ್ರೂಪಿನಲ್ಲಿ ಚಪ್ಪಾಳೆಯ ಚಿತ್ರ ಹಾಕಿದೆ, ಕ್ಲಾಸಿನಲ್ಲಿ ಕಾಲರ್ ಏರಿಸಿಕೊಂಡು ನಡೆದೆ. ಕೊನೆಗೂ ಎಂ.ಎ. ಪದವಿ ಫಲ ಕೊಟ್ಟಿತು ಅಂದುಕೊಂಡೆ.

ಅದೇ ಸುಮಾರಿಗೆ ಡಾಕ್ಟರು ಮಾವಶಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಬೇಗ ಆಪರೇಷನ್ ಆಗಬೇಕು, ತಡ ಮಾಡಿದರೆ ಕಷ್ಟ ಅಂದಿದ್ದರು. ಮಾವಶಿ ಎಂದಿನಂತೆ ಪ್ರಸಾದ ಕೇಳಿದಳು. ಎಡ. ಮರುದಿನ ಕೇಳಿದಳು. ಎಡ. ದಿನಾ ಎಡ! "ಪ್ರಶ್ನೆ ತಿರುಗಿಸಿ ಕೇಳು, ಇಸ್ವಣಕ್ಕೆ ಕೇಳಿದ ಹಾಗೆ" ಅಂದರೆ, "ದೇವರ ಹತ್ರ ಮಸ್ಕರಿ ಮಾಡೂಕಾಗ್ತದಾ?" ಅಂತ ನನಗೇ ಬೈದಳು. ಮೀನಿಗೊಂದು ದೇವರು, ಕಣ್ಣಿಗೊಂದು ದೇವರು!

ಒಂದು ಭಾನುವಾರ ಬಸ್ಸು ಹತ್ತಿ ಅಂಕೋಲೆಗೆ ಹೋದೆ. ಅಮದಳ್ಳಿ ದಾಟುವವರೆಗೂ ಭಾಷಣ ತಯಾರಿ ಮಾಡಿಕೊಂಡೆ. ಹೋಗಿ ನೋಡಿದರೆ ಮಾವಶಿ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದಾಳೆ. ಪ್ರಾನ್ ಹಾಕಿ ಆಗಿದೆ.

"ಮೂರು ಹಳದಿ ಬಂತು" ಅಂದಳು.

ಇಣುಕಿದೆ. ಮೂರೂ ಹಸಿರು! ಎಲೆಯಷ್ಟು ಹಸಿರು!

"ಮಾವಶಿ, ಇದು ಹಳದಿಯಾ?"

"ಎರಡೂ ಒಂದೇ ನಮೂನೆ ಕಾಣ್ತದೆ. ಮೊಬೈಲ್ ಹಳತಾಯ್ತು ಅಲ್ದಾ."

ಅಂದರೆ ಇದು ಮುಗಿಯುವ ಆಟವೇ ಅಲ್ಲ! ಪ್ರಸಾದ ಬಲಕ್ಕೆ ಬಿದ್ದರೆ ಮಾತ್ರ ಕಣ್ಣಿನ ಆಪರೇಷನ್. ಕಣ್ಣು ಸರಿಯಾದರೆ ಮಾತ್ರ ಪ್ರಸಾದ ಬಲಕ್ಕೆ ಬೀಳುವುದು. ಇಷ್ಟು ದಿನ ನಾನು ಚಪ್ಪಾಳೆ ಹೊಡೆದದ್ದು ಮಾವಶಿಯ ಕಣ್ಣು ಮಂಜಾಗುತ್ತಿದ್ದುದಕ್ಕೆ. ಗ್ರೂಪಿನಲ್ಲಿ ದಿನಾ ಬಣ್ಣ ನೋಡುತ್ತಿದ್ದ ನನಗೆ ಅದು ಹೊಳೆದೇ ಇರಲಿಲ್ಲ. ಆ ಇಡಿಯಟ್ ಶಬ್ದವನ್ನು ದೇವರು ಯಾಕೆ ಕಳಿಸಿದ್ದ ಅಂತ ಆಗ ತಿಳಿಯಿತು.

"ನಾನು ಬಣ್ಣ ಹೇಳ್ತೇನೆ, ನೀನು ಶಬ್ದ ಹೇಳು" ಅಂದೆ. ಹೇಳಿಕೇಳಿ ಟೆಲಿಫೋನಿನವಳು, ಕಿವಿಯಲ್ಲೇ ಕೇಳಿ ಎರಡನೇ ಸಾಲಿಗೆ ಡ್ರೇನ್ ಅಂದಳು. ಮೊದಲ ಅಕ್ಷರ ಬಿಟ್ಟು ನಾಲ್ಕೂ ಹಸಿರು. ಬಲಕ್ಕೆ ಬೀಳಲು ಉಳಿದದ್ದು ಒಂದೇ ಸಾಲು. ಮಾವಶಿ ಕಣ್ಣು ಮುಚ್ಚಿ, ಕೈಮುಗಿದು, "ಬ್ರೇನ್ ಹಾಕು" ಅಂದಳು. ಬ್ರೇನ್ ಅಂದರೆ ಮಿದುಳು. ಹಾಕಿದೆ. ಮೊದಲ ಚೌಕ ಬೂದಿ.

ಇನ್ನೊಂದು ಎಡ. ಇನ್ನೆಷ್ಟು ದಿನ ಕಾಯುವುದು?

"ಹಸಿರು, ಹಸಿರು, ಹಸಿರು, ಹಸಿರು, ಹಸಿರು" ಅಂದುಬಿಟ್ಟೆ. "ಬಲಕ್ಕೆ ಬಿತ್ತು ಮಾವಶಿ!"

ಮಾವಶಿ ಮೊಬೈಲ್ ತಗೊಂಡು ಒಂದು ಗಳಿಗೆ ನೋಡಿದಳು. ಆಮೇಲೆ, "ಹಾಗಾದ್ರೆ ಡಾಕ್ಟರಿಗೆ ಹೇಳು" ಅಂದಳು. ಆ ದಿನ ಗ್ರೂಪಿಗೆ ಚೌಕ ಹಾಕಲಿಲ್ಲ. ಬಟ್ಟೆಬರೆ ಕಟ್ಟುವ ಗಡಬಡಿ ಇರಬೇಕು ಅಂದುಕೊಂಡು ನಾನೂ ಸುಮ್ಮನಾದೆ.

ಕಾರವಾರದಲ್ಲೇ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು. ಪಟ್ಟಿ ಬಿಚ್ಚಿದ ಮರುದಿನ ಚಹಾ ತಂದುಕೊಟ್ಟೆ. ಮಾವಶಿ ಮೊಬೈಲನ್ನು ಮಾರು ದೂರ ಹಿಡಿದು ಶಬ್ದ ಹುಡುಕುತ್ತ, ತಲೆ ಎತ್ತದೇ ಅಂದಳು, "ಅವತ್ತಿಂದು ಬ್ರೇನ್ ಅಲ್ಲ ತಮಾ, ಟ್ರೇನ್. ನೀನು ಹೋದ ಮೇಲೆ ನಾಲ್ಕನೇ ಸಾಲಿಗೆ ಹಾಕಿದೆ."

"ನಿನಗೆ ಗೊತ್ತಿತ್ತಾ?"

"ಹಸಿರು ಹಳದಿ ಗೊತ್ತಾಗದಿದ್ರೂ ಬೂದಿ ಗೊತ್ತಾಗೂದಿಲ್ವನಾ?"

"ಮತ್ತೆ ಎಂತಕೆ ಒಪ್ಪಿದೆ?"

ಮಾವಶಿ ಮೊಬೈಲ್ ಕೆಳಗಿಟ್ಟಳು. "ಹಸಿರು ಹಸಿರು ಅಂತ ಹೇಳೂವಾಗ ನಿನ್ನ ಸ್ವರ ನಡುಗ್ತಿತ್ತು. ನನ್ನ ಕಣ್ಣಿಗೆ ನಾನೊಬ್ಳೇ ಹೆದರೂದು ಅಂದ್ಕಂಡಿದ್ದೆ ತಮಾ. ನನ್ನ ಜೊತಿಗೆ ಹೆದರೂಕೆ ಇನ್ನೊಬ್ಬ ಇದ್ದಾನೆ ಅಂತಾಯ್ತು. ಅದಕ್ಕಿಂತ ದೊಡ್ಡ ಪ್ರಸಾದ ಎಲ್ಲುಂಟು?"

ನಾನು ಕಿಟಕಿಯ ಕಡೆ ತಿರುಗಿ, ಹೊರಗೆ ಏನೋ ಇರುವ ಹಾಗೆ ನೋಡತೊಡಗಿದೆ.

"ಅಳಬೇಡ" ಅಂದಳು ಮಾವಶಿ. "ಈಗ ನಂಗೆ ಎಲ್ಲಾ ಕಾಣ್ತದೆ."