ಕಾರಿನ ಗೀರನ್ನು ಹಾಜರುಪಡಿಸತಕ್ಕದ್ದು

ಕೈರೋದ ಹೆಲಿಯೊಪೊಲಿಸಿನ ನಮ್ಮ ಬೀದಿಯಲ್ಲಿ ಕಿಲಾದಾ ಮನೆತನದತ್ತ ಇಂದಿನವರೆಗೆ ಯಾರೂ ಬೆರಳು ತೋರಿಸಿಲ್ಲ. ಈ ಕಟ್ಟಡಕ್ಕೆ ಮೊಟ್ಟಮೊದಲು ಬಂದು ನೆಲೆಸಿದವರು ನನ್ನ ಮಾವನವರ ತಂದೆ. ಟ್ರಾಮ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರೂ ಟಿಕೆಟ್ ಕೊಂಡೇ ಟ್ರಾಮ್ ಹತ್ತುತ್ತಿದ್ದರು. ಮಾವನವರು ನ್ಯಾಯಾಲಯದ ಭಾಷಾಂತರಕಾರರು. ನನ್ನ ಪತಿ ದಿವಂಗತ ನಸೀಮ್ ಕಿಲಾದಾ ಮೆಟ್ಟಿಲ ಮೇಲೆ ದನಿಯೆತ್ತಿದ್ದನ್ನು ಕೇಳಿದವರಿಲ್ಲ. ನಾನು ಫ್ರೆಂಚ್ ಸನ್ಯಾಸಿನಿಯರ ಶಾಲೆಯಲ್ಲಿ ಓದಿದವಳು. ಅಲ್ಲಿ ಕಸೂತಿಯ ಹಿಂಬದಿಯನ್ನು ತಿರುಗಿಸಿ ನೋಡಿ ಅಂಕ ಕೊಡುತ್ತಿದ್ದರು.

ಕಟ್ಟಡದ ಗೇಟಿಗೆ ಅಡ್ಡಲಾಗಿ ಕಾರು ನಿಲ್ಲಿಸುವ ಗೌರವ ಮೊದಲಿನಿಂದಲೂ ನಮ್ಮದು. ಅಲ್ಲಿ ನಿಲ್ಲುತ್ತಿದ್ದ ನಮ್ಮ ಕಡುಹಸಿರು ಕಾರು 'ಫಬ್ರೀಕಾ', ಅಂದರೆ ಕಾರ್ಖಾನೆಯಲ್ಲಿ ಬಳಿದ ಬಣ್ಣ ಬಿಟ್ಟರೆ ಬೇರೆ ಬಣ್ಣ ಕಾಣದ್ದು. ಕೈರೋದಲ್ಲಿ ಕಾರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಎಂಜಿನ್ ಇಲ್ಲದಿದ್ದರೂ ಜನ ಕ್ಷಮಿಸುತ್ತಾರೆ.

ಗೇಟಿಗೆ ಅಡ್ಡ ನಿಲ್ಲಿಸುವವರು ಹ್ಯಾಂಡ್‌ಬ್ರೇಕ್ ಹಾಕದೆ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗಬೇಕು. ಒಳಗಿನವರು ಹೊರಡುವಾಗ ಆ ಕಾರನ್ನು ಕೈಯಿಂದ ಮೆಲ್ಲಗೆ ತಳ್ಳಿ ದಾರಿ ಮಾಡಿಕೊಳ್ಳಬೇಕು. ಸಭ್ಯರಿಗೆ ಇದರಲ್ಲಿ ತೊಂದರೆಯೇನೂ ಇಲ್ಲ. ನಮ್ಮ ಕಟ್ಟಡದವರೇ ಆದ ನಿವೃತ್ತ ಜನರಲ್ ಲುತ್ಫಿಯವರು ಒಂದು ದಿನ ಬೆಳಿಗ್ಗೆ ಎರಡೂ ಕೈಯಿಂದ ಫೋನು ಹಿಡಿದಿದ್ದ ಕಾರಣ ನಮ್ಮ ಕಾರನ್ನು ಮೊಣಕಾಲಿನಿಂದ ತಳ್ಳಿದರು. ಕಾರು ಹೋಗಿ ಕಟ್ಟಡದ ಸಿಮೆಂಟಿನ ಹೂತೊಟ್ಟಿಗೆ ಉಜ್ಜಿಕೊಂಡಿತು. ಆ ಹೂತೊಟ್ಟಿಯನ್ನು ಫುಟ್‌ಪಾತಿನ ಅಂಚಿಗೆ ಇರಿಸಿದವರೂ ಅವರೇ. ಅದರಲ್ಲಿ ಹೂವು ಬೆಳೆದದ್ದನ್ನು ನಾನು ಕಂಡಿಲ್ಲ.

ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಬಂದಾಗ ಮುಂದಿನ ಬಾಗಿಲ ಮೇಲೆ ಗೇಣುದ್ದದ ಗೀರು ಬಿದ್ದಿತ್ತು.

"ಮದಾಮ್ ಎವ್ಲೀನ್, ನಿಮ್ಮ ಕಾರು ಸ್ವಲ್ಪ ಅವಸರ ಮಾಡ್ತು," ಎಂದರು ಜನರಲ್.

"ತಳ್ಳಿದ್ದು ನೀವಲ್ವಾ ಬಾಷಾ?" ದೊಡ್ಡ ಹುದ್ದೆಯವರನ್ನು ಇಲ್ಲಿ ಬಾಷಾ ಎಂದೇ ಕರೆಯಬೇಕು.

"ನಾನು ಮೊಣಕಾಲು ತಾಗಿಸಿದ್ದು ಅಷ್ಟೇ. ಹೊರಟಿದ್ದು ಅದು."

ಇಂಥವರೊಡನೆ ಬೀದಿಯಲ್ಲಿ ನಿಂತು ವಾದಿಸುವುದನ್ನು ಸನ್ಯಾಸಿನಿಯರು ನನಗೆ ಕಲಿಸಿರಲಿಲ್ಲ. ಕಾರಿನ ಬಾಗಿಲ ಒಳಗಿದ್ದ ಬಣ್ಣದ ಸಂಖ್ಯೆಯನ್ನು ಅಂಗಡಿಗೆ ಹೇಳಿ, ಅದೇ ಹಸಿರಿನ ಪುಟ್ಟ ಶೀಷೆ ತರಿಸಿದೆ. ಗೀರಿರುವ ಜಾಗವನ್ನು ಸೋಪುನೀರಿನಲ್ಲಿ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಸುತ್ತಲೂ ಕಾಗದದ ಅಂಟುಪಟ್ಟಿ ಹಚ್ಚಿದೆ. ನುಣುಪಾದ ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಗೀರಿನ ಅಂಚನ್ನು ಸವರಿದೆ. ಆಮೇಲೆ ತೆಳ್ಳಗೆ ಒಂದು ಪದರ ಬಣ್ಣ. ಒಣಗಿದ ಮೇಲೆ ಇನ್ನೊಂದು. ಅವಸರಪಟ್ಟು ದಪ್ಪಗೆ ಬಳಿದವರ ಕಾರುಗಳು ಬೀದಿ ತುಂಬ ಓಡಾಡುತ್ತಿವೆ, ಹೆಸರು ಹೇಳುವುದಿಲ್ಲ.

ಬಾಗಿಲು ಕಾಯುವ ದಹಬ್ ಚಹಾದ ಲೋಟ ಹಿಡಿದು ಬಂದು ನಿಂತ. ಕಟ್ಟಡದ ಮನೆಯೊಡತಿಯರೆಲ್ಲ ಅವನಿಗೆ 'ಹಾನಿಂ'. "ಏನ್ ಹಾನಿಂ, ಮದುಮಗಳ ಉಗುರಿಗೆ ಹಚ್ಚೋ ಥರ ಹಚ್ತಿದ್ದೀರಿ?"

"ಧೂಳೆಬ್ಬಿಸ್ಬೇಡ ದಹಬ್. ಆ ಕಡೆ ಹೋಗಿ ಕುಡಿ."

ಕೊನೆಗೆ ಹೊಳಪಿನ ವಾರ್ನಿಶ್ ಹಚ್ಚಿ, ಅದು ಗಟ್ಟಿಯಾಗುವ ತನಕ ದಿನಗಟ್ಟಲೆ ತಡೆದು, ನಸೀಮರ ಹಳೆಯ ಫ್ಲಾನೆಲ್ ಬಟ್ಟೆಯಿಂದ ಉಜ್ಜಿದೆ. ಗೀರು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ತಪ್ಪಾದದ್ದು ಅಲ್ಲೇ.

ಮರುದಿನ ಲಿಫ್ಟಿನೊಳಗೆ ಮಾಲೀಕರ ಸಂಘದ ಪ್ರಕಟಣೆ ಅಂಟಿತ್ತು. ಸಂಘದ ಅಧ್ಯಕ್ಷರು ಜನರಲ್ ಲುತ್ಫಿ.

"ಗೇಟಿನ ಎದುರು ನಿಲ್ಲುವ ಹಸಿರು ಕಾರಿಗೆ ಗೀರು ಬಿದ್ದಿತ್ತೆಂಬ ವದಂತಿಯು ಸಂಘದ ಗಮನಕ್ಕೆ ಬಂದಿರುತ್ತದೆ. ಸ್ಥಳ ಪರಿಶೀಲನೆಯ ಕಾಲದಲ್ಲಿ ಸದರಿ ಗೀರು ಗೈರುಹಾಜರಾಗಿರುತ್ತದೆ. ಸಂಘದ ಅನುಮತಿಯಿಲ್ಲದೆ ಗೀರನ್ನು ಮನೆಯಲ್ಲಿಯೇ ವಿಲೇವಾರಿ ಮಾಡುವುದು ಸಾಕ್ಷ್ಯನಾಶವಾಗುತ್ತದೆ. ಮಾಲೀಕರು ಗೀರನ್ನು ಹಾಜರುಪಡಿಸತಕ್ಕದ್ದು. ತಪ್ಪಿದಲ್ಲಿ ಗೇಟಿನ ಎದುರಿನ ಜಾಗವನ್ನು ತೆರವು ಮಾಡಿ ಹಿಂದಿನ ಓಣಿಗೆ ಹೋಗತಕ್ಕದ್ದು."

ಹಿಂದಿನ ಓಣಿಯಲ್ಲಿ ಕಸದ ಡಬ್ಬಗಳಿವೆ. ಕಿಲಾದಾ ಮನೆತನದವರು ಆ ಓಣಿಯನ್ನು ಕಿಟಕಿಯಿಂದ ಮಾತ್ರ ನೋಡಿದ್ದಾರೆ.

ಸಭೆ ಜನರಲ್ ಮನೆಯ ಹಜಾರದಲ್ಲಿ ಸೇರಿತು. ಚಿನ್ನದ ಬಣ್ಣದ ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಂದೂ ತೆಗೆದಿರಲಿಲ್ಲ.

"ಗೀರು ಇತ್ತೋ ಇಲ್ವೋ, ಅಷ್ಟು ಹೇಳಿ ಮದಾಮ್," ಎಂದರು ಜನರಲ್.

"ಇತ್ತು."

"ಈಗ ಎಲ್ಲಿ?"

"ಬಣ್ಣದ ಕೆಳಗೆ."

"ಅಂದ್ರೆ ಫಬ್ರೀಕಾ ಹೋಯ್ತು. ಆ ಜಾಗಕ್ಕೆ ಫಬ್ರೀಕಾ ಕಾರೇ ಆಗ್ಬೇಕು."

"ಗೀರು ಇರ್ಲೇ ಇಲ್ಲ ಅಂದ್ರೆ?"

"ಚೆನ್ನಾಗಿದ್ದ ಕಾರಿಗೆ ಬಣ್ಣ ಬಳ್ದಿದ್ದೀರಿ ಅಂತಾಯ್ತು. ಛೇ, ಅದು ಇನ್ನೂ ಕೆಟ್ಟದ್ದು."

ಕಣ್ಣಾರೆ ಕಂಡವನೆಂದು ದಹಬ್‌ನನ್ನು ಕರೆಸಲಾಯಿತು. "ನಾನು ನೋಡಿದ್ದು ಬಾಷಾ ಅವರ ಬೆನ್ನು ಮಾತ್ರ," ಎಂದ ಅವನು. "ಮೊಣಕಾಲು ಆ ಕಡೆಗಿತ್ತಲ್ಲ ಹಾನಿಂ, ನಾನೇನ್ ಮಾಡ್ಲಿ?"

ಮೂರನೆಯ ಮಹಡಿಗೆ ಇತ್ತೀಚೆಗೆ ಬಂದ ದಂತವೈದ್ಯೆ ನೇವೀನ್, ಯಾರೂ ಕೇಳದಿದ್ದರೂ ತಮ್ಮ ಅಭಿಪ್ರಾಯ ನೀಡಿದರು. "ಹಲ್ಲೂ ಹೀಗೇನೆ. ತುಂಬ್ಸಿದ್ಮೇಲೆ ಹುಳುಕು ಎಲ್ಲಿತ್ತು ಅಂತ ತೋರ್ಸು ಅಂದ್ರೆ ಮತ್ತೆ ಕೊರೀಲೇಬೇಕು."

ಜನರಲ್ ಮುಖ ಅರಳಿತು. ಗೀರನ್ನು ಪುನಃಸ್ಥಾಪಿಸಿ ಪರಿಶೀಲಿಸಲು ಸಮಿತಿಯೊಂದನ್ನು ಅಲ್ಲೇ ನೇಮಿಸಲಾಯಿತು. ನಾನು ವಿರೋಧಿಸಿದೆ. ನನ್ನ ವಿರೋಧವನ್ನು ಸೌಜನ್ಯಪೂರ್ವಕವಾಗಿ ದಾಖಲಿಸಿಕೊಂಡು, ಸಮಿತಿಯವರು ಕೆಳಗಿಳಿದು ನಮ್ಮ ಕಾರಿನ ಹಿಂದೆ ಸಾಲಾಗಿ ನಿಂತರು.

ಸನ್ನಿವೇಶದಲ್ಲಿ ವ್ಯತ್ಯಾಸವಾಗಬಾರದೆಂದು ಜನರಲ್ ಈ ಸಲವೂ ಫೋನನ್ನು ಕಿವಿಗೆ ಹಿಡಿದಿದ್ದರು. ಆ ಕಡೆ ಯಾರೂ ಇರಲಿಲ್ಲ. ಸಮಿತಿ ತಳ್ಳಿತು. ಕಾರು ಹೂತೊಟ್ಟಿಗೆ ಉಜ್ಜಿಕೊಂಡು ಹೋಯಿತು. ಗೀರು ಮುಂದಿನ ಬಾಗಿಲಿನಲ್ಲಿ ಹುಟ್ಟಿ, ಹಿಂದಿನ ಬಾಗಿಲನ್ನೂ ದಾಟಿ, ಬಾಲದ ದೀಪದ ಬಳಿ ನಿಂತಿತು.

"ಇದೇ ಗೀರು!" ಎಂದರು ದಂತವೈದ್ಯೆ. "ಸ್ವಲ್ಪ ಬೆಳ್ದಿದೆ."

ಗೀರು ಹಾಜರಾದದ್ದಕ್ಕೆ ಎಲ್ಲರೂ ನನ್ನನ್ನು ಅಭಿನಂದಿಸಿದರು. ತಳ್ಳಿದವರು ಯಾರು ಎಂಬ ಪ್ರಶ್ನೆಗೂ ಪ್ರಕಟಣೆಯಲ್ಲಿ ಉತ್ತರ ಬಂತು: "ತಳ್ಳಿದ್ದು ಸಮಿತಿ. ಸಮಿತಿಗೆ ಮೊಣಕಾಲು ಇರುವುದಿಲ್ಲ."

ದುರಸ್ತಿಗೆ ಈಗ ಅನುಮತಿ ಸಿಕ್ಕಿತು. ಆದರೆ ಸಂಘ ಮಾನ್ಯ ಮಾಡಿರುವ ಬಣ್ಣದ ಕಾರ್ಯಾಗಾರ ಒಂದೇ, ಅದು ಜನರಲ್ ಅಳಿಯನದು. ಅಳಿಯ ಬಾಗಿಲಿಗೆ ಬಣ್ಣ ಹಚ್ಚುವ ಬದಲು ಇಡೀ ಕಾರಿಗೆ ಹಚ್ಚಿ, ಔಷಧಿ ಅಂಗಡಿಯ ಫಲಕದ ಹಸಿರಿನಲ್ಲಿ ಮರಳಿಸಿದ. ಕೇಳಿದ್ದಕ್ಕೆ, "ಒಂದೇ ಬಾಗಿಲಿಗೆ ಹಚ್ಚಿದ್ರೆ ಉಳಿದವಕ್ಕೆ ಬೇಜಾರಾಗಲ್ವಾ ಮದಾಮ್?" ಎಂದ. ಫಬ್ರೀಕಾ ಅಲ್ಲದ ಕಾರು ನಿಯಮದ ಪ್ರಕಾರ ಹಿಂದಿನ ಓಣಿಗೆ ಹೋಯಿತು. ಗೇಟಿನ ಎದುರಿನ ಜಾಗದಲ್ಲಿ ಜನರಲ್ ಅವರ ಕಪ್ಪು ಕಾರು ತಾತ್ಕಾಲಿಕವಾಗಿ ನಿಂತಿತು. ತಾತ್ಕಾಲಿಕವಾಗಿ ಅದಕ್ಕೊಂದು ಚಪ್ಪರವನ್ನೂ ಹಾಕಿಸಿದರು.

ನಾನು ಅಳಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿದೆ: "ಬಾಷಾ ಅವರ ಕಾರಿನ ಮೇಲೆ ಒಂದೂ ಗೀರಿಲ್ಲ. ನನ್ನ ಕಾರಿನ ಮೇಲೂ ಇರ್ಲಿಲ್ಲ. ನನಗೆ ಅದು ಅಪರಾಧ ಆಯ್ತು. ಅವರಿಗೆ?"

ಚಹಾ ತಂದಿದ್ದ ದಹಬ್ ತಟ್ಟೆ ಹಿಡಿದುಕೊಂಡೇ ನಕ್ಕ. "ಯಾ ಸಲಾಂ! ಈ ಬೀದೀಲಿ ಗೀರಿಲ್ಲದ ಕಾರಾ? ಮನೇಲಿ ಗುಟ್ಟಾಗಿ ಏನೋ ಹಚ್ಚಿದ್ದಾರೆ ಬಿಡಿ."

ನಿಯಮ ಅವರದೇ ಆದ್ದರಿಂದ ಜನರಲ್ ತಾವೇ ಎದ್ದರು. ಎಲ್ಲರ ಎದುರು ಕೆಳಗಿಳಿದು, ಮನೆಯ ಕೀಲಿಯಿಂದ ತಮ್ಮ ಕಾರಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದರು. ಪ್ರಾಮಾಣಿಕತೆಗೆ ಜನ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಕಟ್ಟಡದ ಪ್ರತಿಯೊಂದು ಕಾರೂ ಪ್ರಾಮಾಣಿಕವಾಗಿತ್ತು.

ಬಳಿಕ ಬಂದ ನಿಯಮ ಸರಳವಾಗಿದೆ. ಗೀರಿಲ್ಲದ ಕಾರು ಶಂಕಾಸ್ಪದ. ವರ್ಷಕ್ಕೊಮ್ಮೆ, ವಸಂತದ ಹಬ್ಬದ ಹಿಂದಿನ ದಿನ, ಸಮಿತಿಯು ಎಲ್ಲ ಕಾರುಗಳನ್ನೂ ಒಂದೊಂದಾಗಿ ಹೂತೊಟ್ಟಿಗೆ ತಳ್ಳತಕ್ಕದ್ದು. ಗೇಟಿನ ಎದುರಿನ ಜಾಗ ಅತಿ ಉದ್ದದ ಗೀರಿಗೆ ಮೀಸಲು. ಹಬ್ಬ ಕಳೆದ ಮೇಲೆ ಎಲ್ಲವೂ ಅಳಿಯನ ಕಾರ್ಯಾಗಾರಕ್ಕೆ ಹೋಗತಕ್ಕದ್ದು. ಪಕ್ಕದ ಬೀದಿಯವರೂ ಈಗ ಸಿಮೆಂಟಿನ ಹೂತೊಟ್ಟಿ ಮಾಡಿಸಿದ್ದಾರೆ. ತಳ್ಳುವ ದಿನ ಹೆಂಗಸರು ಹಬ್ಬದ ಉಪ್ಪುಮೀನು, ಈರುಳ್ಳಿ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂರುತ್ತಾರೆ. ಇದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳಲು ಏನಿದೆ?

ಮೊದಲ ವರ್ಷ ನಮ್ಮ ಕಾರನ್ನೇ ಮೊದಲು ತಳ್ಳಿದರು. ಬಾಲದ ದೀಪ ಒಡೆಯುವಷ್ಟು ಉದ್ದದ ಗೀರು ಬಂತು. ಕಿಲಾದಾ ಮನೆತನ ಓಣಿಯಿಂದ ತನ್ನ ಜಾಗಕ್ಕೆ ಮರಳಿತು. ನನಗೆ ದೂರುವುದೇನೂ ಇರಲಿಲ್ಲ.

ಈ ವರ್ಷ ಮೊದಲು ದಂತವೈದ್ಯೆಯ ಕಾರನ್ನು ಕರೆದರು. ಹೂತೊಟ್ಟಿಯ ಅಂಚು ಮೊದಲ ಕಾರಿಗೆ ಮಾತ್ರ ಹರಿತವಾಗಿರುತ್ತದೆ, ಆಮೇಲೆ ಮೊಂಡಾಗುತ್ತದೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಸರದಿ ಬಂದಾಗ ಬಿದ್ದದ್ದು ಮೊಳದುದ್ದದ ಗೀರು, ಅದೂ ಕಣ್ಣಿಗೆ ಕಾಣದಷ್ಟು ತೆಳು. ನಾಳೆ ಬೆಳಿಗ್ಗೆ ಗೇಟಿನ ಎದುರು ಹೊಸಬರಾದ ಆ ದಂತವೈದ್ಯೆಯ ಕಾರು ನಿಲ್ಲುತ್ತದೆ.

"ಏನ್ ಮಾಡೋದು ಮದಾಮ್," ಎಂದರು ಜನರಲ್, "ಗೀರಿನ ಮುಂದೆ ಎಲ್ಲರೂ ಒಂದೇ."

ಎಲ್ಲರೂ ಒಂದೇ ಅಲ್ಲ. ಈ ಕಟ್ಟಡದಲ್ಲಿ ಮೊದಲ ಗೀರು ನಮ್ಮದು. ಮುಂದಿನ ಸಭೆಯಲ್ಲಿ, ಸರ್ವ ಸದಸ್ಯರ ಸಮ್ಮುಖದಲ್ಲಿ, ಜನರಲ್ ಲುತ್ಫಿಯವರು ಎದ್ದು ನಿಂತು, ನಮ್ಮ ಕಾರನ್ನು ಮೊದಲು ತಳ್ಳದಿದ್ದಕ್ಕೆ ನನ್ನ ಕ್ಷಮೆ ಕೇಳತಕ್ಕದ್ದು.