ಗುರುಬಸಪ್ಪನವರ ಡೈನೋಸಾರ್ ಪಟ್ಟಿ

“ತೋಳು ತೋರಿಸಿ ಗುರುಬಸಪ್ಪನವರೇ! ನಾಯಿಕೆಮ್ಮಿನ ಸೂಜಿ ಆಯ್ತೋ, ಇಲ್ಲಾ ಇವತ್ತೂ ‘ನಾಳೆ’ನೋ?”

ಬೆಳಗಿನ ಚಹಾಕ್ಕೂ ಮೊದಲೇ ಬಾಗಿಲಲ್ಲಿ ನಿಂತಿದ್ದವರು ಪಕ್ಕದ ಮನೆಯ ಭಾನುಮತಿ. ಮೈಸೂರಿನಲ್ಲಿ ಮಕ್ಕಳ ಡಾಕ್ಟರಾಗಿದ್ದು, ನಿವೃತ್ತರಾಗಿ ಅಮೆರಿಕದ ಮೀರಾ ಮೆಸಾಕ್ಕೆ ಬಂದವರು. ನಿವೃತ್ತಿಯ ಸುದ್ದಿ ಅವರ ನಾಲಿಗೆಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ.

ಗುರುಬಸಪ್ಪ ಗೆದ್ದವರ ಹಾಗೆ ಬಲಗಡೆಯ ಅಂಗಿತೋಳು ಮೇಲೇರಿಸಿದರು. ಅಲ್ಲೊಂದು ಹಸಿರು ಡೈನೋಸಾರ್ ಚಿತ್ರದ ಅಂಟುಪಟ್ಟಿ.

“ನಿನ್ನೆನ ಮಾಡಿಸೇನಿ ನೋಡ್ರಿ ಡಾಕ್ಟರವ್ವಾರ. ಇರಿವಿ ಕಡದಂಗೂ ಆಗಲಿಲ್ಲ.”

ಆಗುವುದಾದರೂ ಹೇಗೆ? ಚುಚ್ಚಿದ್ದರೆ ತಾನೆ! ಪಟ್ಟಿ ಬಚ್ಚಲಮನೆಯ ಕಪಾಟಿನದು. ಗದಗಿನಲ್ಲಿ ವರ್ಷಗಟ್ಟಲೆ ಹೈಟೆನ್ಷನ್ ತಂತಿಗಳ ಕೆಳಗೆ ಅಲುಗದೆ ನಿಂತ ಎಂಜಿನಿಯರು ಸೂಜಿ ಕಂಡರೆ ಬಿಸಿಲಿಗಿಟ್ಟ ಬೆಣ್ಣೆ. ಮೂರು ವಾರದ ಹಿಂದೆ, ಹಿತ್ತಲಲ್ಲಿ ತುಕ್ಕು ಮೊಳೆ ಕಾಲಿಗೆ ಚುಚ್ಚಿದಾಗ ಸೊಸೆ ನಮ್ರತಾ ಕ್ಲಿನಿಕ್ಕಿಗೆ ಎಳೆದೊಯ್ದು ಧನುರ್ವಾಯುವಿನ ಸೂಜಿ ಹಾಕಿಸಿದ್ದಳು. ಆಗ ಅವರು ಕೂಗಿದ ‘ಯವ್ವಾ’ ಪಾರ್ಕಿಂಗ್ ಲಾಟಿನವರೆಗೂ ಕೇಳಿತ್ತು. ಈ ವರ್ಷಕ್ಕೆ ಇಷ್ಟು ಸಾಕು ಎಂದು ಅವತ್ತೇ ತೀರ್ಮಾನಿಸಿಬಿಟ್ಟಿದ್ದರು.

ಆದರೆ ಇವತ್ತು ಸಂಜೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಕೂಸು ಮೊದಲು ಅಜ್ಜನ ತೊಡೆಗೆ, ಆಮೇಲೆ ತೊಟ್ಟಿಲಿಗೆ ಎಂದು ಮಾತಾಗಿತ್ತು. ನಾಯಿಕೆಮ್ಮಿನ ಲಸಿಕೆ ಆಗದವರು ಕೂಸು ಮುಟ್ಟಬಾರದು ಎಂದು ಭಾನುಮತಿ ಸಾರಿದಾಗಿನಿಂದ ಪಾಪ, ಅಜ್ಜ ಮಾರು ದೂರದಿಂದಲೇ ಮುದ್ದು ಮಾಡುತ್ತಿದ್ದರು. ಒಂದು ದಿನ ಕಾಲುನೋವು, ಒಂದು ದಿನ ಸೊಂಟನೋವು, ನೆವಕ್ಕೇನು ಬರವೇ? ಇವತ್ತು ಮಾತ್ರ ತಡೆಯಲಾರದೆ ಡೈನೋಸಾರಿನ ಮೊರೆ ಹೊಕ್ಕಿದ್ದರು.

ಸ್ನಾನಕ್ಕೆ ಹೋದಾಗ ಪಟ್ಟಿ ಬಿಚ್ಚಿಕೊಂಡಿತು. ಒರೆಸಿ ಮತ್ತೆ ಅಂಟಿಸಿದರು. ಅಡುಗೆಮನೆಯಲ್ಲಿ ಹೆಂಡತಿ ಶಂಕ್ರವ್ವ ಖಾರ ಅರೆಯುವ ಗುಂಡಕಲ್ಲನ್ನು ತೊಳೆದು, ಕೂಸಿನ ಕುಲಾವಿ ಹಾಕಿ ಸಿಂಗರಿಸುತ್ತಿದ್ದಳು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಕಲ್ಲು ಮಲಗಬೇಕು, ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಅಷ್ಟರಲ್ಲಿ ಕೋಸಂಬರಿ ಪಾತ್ರೆ ಹಿಡಿದು ಭಾನುಮತಿ ಮತ್ತೆ ಹಾಜರು.

“ಇದೇನ್ರೀ, ಬೆಳಗ್ಗೆ ಬಲತೋಳಲ್ಲಿದ್ದ ಡೈನೋಸಾರ್ ಈಗ ಎಡಕ್ಕೆ ನಡೆದು ಬಂದಿದೆ?”

“ಎ... ಎರಡು ಹಾಕ್ಯಾರ್ರಿ.”

“ಹಾಗಾದ್ರೆ ಬಲಗಡೇದು ಎಲ್ಲಿ?”

ಗುರುಬಸಪ್ಪ ಬಲತೋಳನ್ನು ಕಳೆದುಹೋದ ಎಮ್ಮೆ ಹುಡುಕುವವರಂತೆ ಹುಡುಕಿದರು.

“ನಮ್ರತಾಗೆ ಹೇಳ್ಲಾ, ಕಾರು ಹತ್ತುತೀರಾ?”

ಭಾನುಮತಿಯ ಕಾರು ಹತ್ತಿದರು.

“ಅಲ್ರೀ, ಕೂಸಿಗೇ ಹಾಕಸ್ತಾರಲ್ಲಾ, ಮತ್ತ ನನಗ್ಯಾಕ್ರಿ?”

“ಲಸಿಕೆ ಅಂದ್ರೆ ಮೈಗೆ ಕಳ್ಳನ ಫೋಟೋ ತೋರಿಸಿದ ಹಾಗೆ. ಮುಂದೆ ಕಳ್ಳ ಬಂದ್ರೆ ಮೈಯೇ ಗುರುತು ಹಿಡಿದು ಒದ್ದೋಡಿಸುತ್ತೆ. ನಿಮ್ಮ ಮೊಮ್ಮಗಳ ಮೈ ಇನ್ನೂ ಆ ಫೋಟೋ ನೋಡಿಲ್ಲ. ನೋಡಿ ಕಲಿಯೋಕೂ ಒಂದು ಸೂಜಿ ಸಾಲದು. ಅಲ್ಲೀತನಕ ಬಾಗಿಲು ಕಾಯೋರು ನಾವು. ದೊಡ್ಡೋರಿಗೆ ಅದು ಬರೀ ಕೆಮ್ಮು. ಕೂಸಿಗೆ ಉಸಿರೇ ಕಟ್ಟುತ್ತೆ ಕಣ್ರೀ.”

ನಿನ್ನೆ ಒಗ್ಗರಣೆಯ ಘಾಟಿಗೆ ತಾವು ಕೆಮ್ಮಿದ್ದು ಗುರುಬಸಪ್ಪನವರಿಗೆ ನೆನಪಾಯಿತು.

“ಜೋರಾಗಿ ಹೊಡೀರಿ ಗಾಡಿ. ಬೇಕಾರ ಎರಡು ಚುಚ್ಚಲಿ.”

“ಒಂದು ಸಾಕು. ಆದ್ರೆ ಮೈ ಕಲಿಯೋಕೆ ಎರಡು ವಾರ ಬೇಕು. ಸಂಜೆ ಬಾಯಿಗೆ ವಸ್ತ್ರ ಕಟ್ಟಿಕೊಂಡು ಒಂದೇ ನಿಮಿಷ ಹಿಡ್ಕೊಳ್ಳಿ. ನಾನು ನೋಡ್ಕೋತೀನಿ.”

ಅದು ಬೇರೆಯೇ ಕ್ಲಿನಿಕ್ಕು. ನರ್ಸ್ ಈಚೆಗೆ ಬೇರೆ ಯಾವುದಾದರೂ ಸೂಜಿ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದಳು. ಕಾಲಿನ ಮೊಳೆಯ ಮಾತು ಕೆಮ್ಮಿನ ನಡುವೆ ಯಾಕೆಂದು ಗುರುಬಸಪ್ಪ ಕಣ್ಣು ಮುಚ್ಚಿಯೇ “ನೋ” ಎಂದರು. ಆಕೆ ಸ್ಪಿರಿಟ್ ಹತ್ತಿ ಒರೆಸಿದ್ದಕ್ಕೇ “ಯವ್ವಾ” ಅಂದರು. ನಿಜವಾಗಿ ಚುಚ್ಚಿದಾಗ ಸದ್ದೇ ಇಲ್ಲ. ಎದ್ದು ನಿಂತವರು ಕಡಿದ ಬಾಳೆಯಂತೆ ಉರುಳಿದರು. ಬಲ ಮೊಣಕೈ ಕುರ್ಚಿಗೆ ಬಡಿಯಿತು.

ಎಡತೋಳು ಬನ್ನಿನಂತೆ ಊದಿ, ಬಲಗೈ ಜೋಲಿಯಲ್ಲಿ ತೂಗುತ್ತ ಮನೆಗೆ ಬಂದಾಗ ಶಾಸ್ತ್ರದ ಹೊತ್ತು. ಗುರುಬಸಪ್ಪ ಸೊಸೆಯ ಮುಂದೆ ತಪ್ಪೊಪ್ಪಿಕೊಂಡರು. “ನಾಯಿಕೆಮ್ಮಿನ ಸೂಜಿ ಆಗೇತಿ ಅಂತ ಸುಳ್ಳು ಹೇಳಿದ್ದೆವ್ವಾ. ಈಗ ಖರೇನ ಹಾಕಿಸ್ಕೊಂಡ್ ಬಂದೀನಿ.”

ನಮ್ರತಾ ಕಣ್ಣರಳಿಸಿದಳು. “ಯಾಕ್ರಿ ಮಾವಾರ! ಮೊಳಿ ಚುಚ್ಚಿದಾಗ ಹಾಕಿದ್ರಲ್ಲಾ, ಆ ಸೂಜಿಯೊಳಗ ಧನುರ್ವಾಯು, ನಾಯಿಕೆಮ್ಮು ಎರಡಕ್ಕೂ ಇತ್ರಿ. ಮನ್ಯಾಗ ಕೂಸೈತಿ ಅಂತ ನಾನ ಹೇಳಿ ಹಾಕಿಸಿದ್ದೆ. ಅವತ್ತಿಂದ ನೀವ್ಯಾಕ ಕೂಸು ಎತ್ತಿಕೊಳ್ಳವಲ್ಲಿರಿ ಅಂತ ನಾನೂ ಅತ್ತಿಯಾರೂ ತಲಿ ಕೆಡಿಸಿಕೊಂಡೀವಿ!”

“ನನಗ್ಯಾಕ ಹೇಳಲಿಲ್ಲವ್ವಾ?”

“ಹೇಳಿದ್ನಿರಿ. ನೀವು ಯವ್ವಾ ಅಂತ ಒದರಾಕತ್ತಿದ್ರಿ.”

ಭಾನುಮತಿ ಕೋಸಂಬರಿ ಕಲೆಸುವುದರಲ್ಲಿ ಮಗ್ನರಾದರು. “ಎರಡು ಸಲ ಆದ್ರೆ ಭಯವೇನಿಲ್ಲ. ತೋಳು ಮಾತ್ರ ಸ್ವಲ್ಪ ಜಾಸ್ತಿ ಊದುತ್ತೆ.”

“ಅಂದ್ರ ಈಗ ನಾ ಕೂಸು ಹಿಡೀಬೌದಿಲ್ರಿ? ವಸ್ತ್ರಾನೂ ಬ್ಯಾಡ!”

“ಯಾವ ಕೈಲಿ ಹಿಡೀತೀರಿ?” ಎಂದಳು ಶಂಕ್ರವ್ವ. “ಒಂದು ಊದೇತಿ, ಒಂದು ಜೋತಾಡತೈತಿ. ಕೂಸು ಡಾಕ್ಟರವ್ವಾರ ತೊಡಿಮ್ಯಾಲಿರಲಿ. ನೀವು ಇದನ್ನ ಇಟ್ಕೋರಿ. ಇದಕ್ಕ ಕೆಮ್ಮೂ ಬರೂದಿಲ್ಲ, ಬಿದ್ರ ಅಳೂದೂ ಇಲ್ಲ.”

ತೊಟ್ಟಿಲಿನಿಂದ ಎತ್ತಿದ ಗುಂಡಕಲ್ಲು ಅಜ್ಜನ ತೊಡೆಯ ಮೇಲೆ ಕುಳಿತಿತು. ಆಚೆ ಭಾನುಮತಿಯ ಮಡಿಲಲ್ಲಿ ಕೂಸು ಆಕಳಿಸಿತು. ಹೆಂಗಸರು ಜೋಗುಳ ಎತ್ತಿದರು. ಗುರುಬಸಪ್ಪ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಲ್ಲಿನ ತಲೆಯ ಮೇಲೆ ಓರೆಯಾಗಿದ್ದ ಕುಲಾವಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಸರಿಮಾಡಿದರು.