ಭಕ್ತಪುರದಲ್ಲಿ ಅಕ್ಕ ಯಾವ ಮೆಟ್ಟಿಲಲ್ಲಿ?

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ಪ್ರವಾಸದ ನೆನಪಂತೂ ತಲೆ ಬಾಚಿ, ಪೌಡರ್ ಹಾಕಿಕೊಂಡೇ ಹೊರಗೆ ಬರುತ್ತದೆ. ಹಾಗಾಗಿ ನೇಪಾಳಕ್ಕೆ ಯಾಕೆ ಹೋಗಬೇಕು ಎಂದು ಕೇಳುವವರಿಗೆ ನಾನು ಹಿಮಾಲಯದ ಸೂರ್ಯೋದಯ ವರ್ಣಿಸುವುದಿಲ್ಲ. ನಾವು ನೋಡಿದ್ದು ಬರೀ ಮೋಡ. ಅಕ್ಕ ಕಳೆದುಹೋದದ್ದನ್ನು ಹೇಳುತ್ತೇನೆ.

ಮೂಡುಬಿದಿರೆ ಪಕ್ಕದ ನಾರಾವಿಯಲ್ಲಿ ನೆಮ್ಮದಿಯಾಗಿದ್ದ ಅಕ್ಕನನ್ನು ಹೊರಡಿಸಿದವನು ನಾನೇ. ಮೂಡುಬಿದಿರೆ ಬಸದಿಯಂಥದ್ದೇ ಇಳಿಜಾರು ಚಾವಣಿಯ, ಅದೇ ಮಾಡಿನ ದೇವಸ್ಥಾನಗಳು ಅಲ್ಲಿ ಉಂಟು, ಪಶುಪತಿನಾಥನ ಪೂಜೆಗೂ ನಮ್ಮ ಕರಾವಳಿ ಕಡೆಯ ಭಟ್ಟರು ಉಂಟು, ಪರದೇಶ ಅಂತ ಅನ್ನಿಸುವುದೇ ಇಲ್ಲ ಎಂದು ತಲೆ ತಿಂದಿದ್ದೆ. "ಹಾಗಾದರೆ ಮೂಡುಬಿದಿರೆಗೇ ಹೋಗುವ. ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು" ಎಂದಿದ್ದಳು. ಆದರೂ ಬಂದಳು.

ನೇಪಾಳದ ಹಳೇ ಊರು ಭಕ್ತಪುರದಲ್ಲಿ ನಾನು ಒಂದು ಮರದ ಕಿಟಕಿಯ ಕೆತ್ತನೆಯ ಫೋಟೊ ತೆಗೆದು ತಿರುಗಿದರೆ ಅಕ್ಕ ಇಲ್ಲ. ಅವಳಿಗೆ ಶುಗರ್. ಊಟ ತಡವಾದರೆ ತಲೆತಿರುಗಿ ಬೀಳುತ್ತಾಳೆ. ಬಿಸ್ಕಿಟು, ಮಾತ್ರೆ ಎರಡೂ ನನ್ನ ಚೀಲದಲ್ಲಿ. ಅವಳ ಫೋನಿಗೆ ಅಲ್ಲಿಯ ಸಿಮ್ ಹಾಕಿಸಿರಲಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಕೊಟ್ಟಿದ್ದ ಕಟ್ಟಪ್ಪಣೆ ನೆನಪಾಯಿತು: ಮೂಡುಬಿದಿರೆಯಲ್ಲಿ ತಪ್ಪಿಸಿಕೊಂಡರೆ ಬಸದಿಯ ಮೆಟ್ಟಿಲಲ್ಲಿ ಕೂತುಬಿಡಬೇಕು, ಅಲ್ಲಾಡಬಾರದು. ಅಕ್ಕ ಅದನ್ನೇ ಮಾಡಿರುತ್ತಾಳೆ ಎಂದು ಧೈರ್ಯ ಬಂತು. ತಲೆಯೆತ್ತಿದೆ. ಧೈರ್ಯ ಹೋಯಿತು. ಎಲ್ಲಿ ನೋಡಿದರೂ ಇಳಿಜಾರು ಮಾಡು, ಪ್ರತಿ ಮಾಡಿನ ಕೆಳಗೂ ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಹೆಂಗಸರು!

ಓಡಿದೆ. ಸೀರೆ ಕಂಡಲ್ಲೆಲ್ಲ ಇಣುಕಿ ಬೈಸಿಕೊಂಡೆ. ಅಷ್ಟರಲ್ಲಿ ಊರಿನಿಂದ ಭಾವನ ಫೋನು. "ಅಕ್ಕನಿಗೆ ಕೊಡು ಒಮ್ಮೆ."

"ಅವಳು... ದೇವರಿಗೆ ಸುತ್ತು ಬರ್ತಾ ಇದ್ದಾಳೆ ಭಾವ."

"ನೀನ್ಯಾಕೆ ಏದುಸಿರು ಬಿಡ್ತೀ?"

ಫೋನು ಕಟ್ ಮಾಡಿದೆ. ಬೆವರು ಕಣ್ಣಿಗಿಳಿಯಿತು. ಕುಂಬಾರರ ಬೀದಿಯ ಒಂದು ಚಿಕ್ಕ ಗುಡಿಯ ಮೆಟ್ಟಿಲಲ್ಲಿ ಕೊನೆಗೂ ಅವಳ ಹಸಿರು ಸೀರೆ ಕಂಡಿತು. ಪಕ್ಕದಲ್ಲಿ ಒಬ್ಬಳು ಅಜ್ಜಿ. ಅಕ್ಕ ತುಳುವಿನಲ್ಲಿ, ಅಜ್ಜಿ ತನ್ನ ಭಾಷೆಯಲ್ಲಿ ಧಾರಾಳವಾಗಿ ಮಾತಾಡುತ್ತಿದ್ದರು. ಅಕ್ಕನ ಕೈಯಲ್ಲಿ ಅವಲಕ್ಕಿ, ಎದುರು ಮಣ್ಣಿನ ಕುಡಿಕೆಯಲ್ಲಿ ಮೊಸರು. ಕೈ ನಡುಗುವುದನ್ನು ನೋಡಿ ಅಜ್ಜಿಯೇ ಮನೆಯಿಂದ ತಂದು ತಿನ್ನಿಸಿದ್ದಂತೆ.

ನನಗೆ ಅಳು ಬರುವ ಹಾಗಾಯಿತು. ಅಕ್ಕ ಬಿಡಲಿಲ್ಲ. "ಎಲ್ಲಿ ಹೋಗಿದ್ದೆ ಮಾರಾಯ? ಪಾಪ, ಇವರ ಮೊಮ್ಮಗಳು ನಿನ್ನನ್ನು ಹುಡುಕ್ಲಿಕ್ಕೆ ಹೋಗಿದ್ದಾಳೆ."

ಮತ್ತೆ ಭಾವನ ಫೋನು. ಅಕ್ಕ ಕಸಿದುಕೊಂಡಳು. "ಹೌದು, ಇವ ಕಳೆದುಹೋಗಿದ್ದ. ಈಗ ಸಿಕ್ಕಿದ."

"ನನಗೆ ಆಗಲೇ ಅಂದಾಜು ಆಗಿತ್ತು" ಎಂದರು ಭಾವ.

ಈಗಲೂ ಯಾರಾದರೂ ನೇಪಾಳದ ಬಗ್ಗೆ ಕೇಳಿದರೆ ನಾನು ಬಸದಿಯ ಮಾಡು, ಕರಾವಳಿಯ ಭಟ್ಟರು ಎಂದು ಶುರು ಮಾಡಿ ಅಕ್ಕ ಕಳೆದುಹೋದ ಕಥೆಗೆ ಬರುತ್ತೇನೆ. ಅಕ್ಕ ಮಧ್ಯೆ ಬಾಯಿ ಹಾಕುತ್ತಾಳೆ: "ಖಂಡಿತ ಹೋಗಿ. ಕೇಳದೆ ಊಟ ಹಾಕುವ ಜನ. ಇವನನ್ನು ಕರ್ಕೊಂಡು ಹೋದರೆ ಮಾತ್ರ ಕೈ ಬಿಡಬೇಡಿ."